ನಮ್ಮ ಡ್ರಮ್ಮಿನ ನೀರು ನಿಮ್ಮ ಚಿಪ್‌ಗೆ ಯಾವಾಗ ಹೋಗುತ್ತೆ ಸಾಹೇಬ್ರೇ?

ರಾಜ್ಯದ ಜೈವಿಕ ತಂತ್ರಜ್ಞಾನ ಇಲಾಖೆಯ ಸಾಹೇಬರಿಗೆ, ತೋಟಗಾರಿಕೆ ಮತ್ತು ಆರೋಗ್ಯ ಇಲಾಖೆಗೆ ಒಂದೊಂದು ಪ್ರತಿ, ಜೊತೆಗೆ ಕೋಲಾರ ಜಿಲ್ಲೆಯಲ್ಲಿ ಟೊಮೆಟೊ ಇಡುವ ಎಲ್ಲರಿಗೂ,

ನಮಸ್ಕಾರ. ತೋಟದಲ್ಲಿ ಡ್ರಮ್ಮಿನಲ್ಲಿ ಬೆರೆಸಿ ಹೊಡೆಯುವ ಕೀಟನಾಶಕಗಳನ್ನು ಲಿವರ್ ಚಿಪ್ ಮೇಲೆ, ಅಂದರೆ ಮನುಷ್ಯನ ಲಿವರ್ ಕೋಶ ಕೂರಿಸಿದ ಒಂದು ಸಣ್ಣ ತುಂಡಿನಲ್ಲಿ, ಪರೀಕ್ಷೆ ಮಾಡಿಸಿ ಅಂತ ಕೇಳಲು ಈ ಪತ್ರ.

ನಾನು ಮುಳಬಾಗಿಲಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬ್ ಇಟ್ಟುಕೊಂಡಿದ್ದೇನೆ. ವಿಜ್ಞಾನಿ ಏನಲ್ಲ, ಲ್ಯಾಬ್ ಕೆಲಸದ ಡಿಪ್ಲೊಮಾ ಆದ ಡಿಎಂಎಲ್‌ಟಿ ಓದಿದವನು. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಶುಗರ್ ನೋಡಿಸುವವರು, ಜ್ವರದವರು, ಬಸುರಿಯರು, ಎಲ್ಲರ ತೋಳಿಗೂ ಸೂಜಿ ಚುಚ್ಚಿ ರಕ್ತ ತೆಗೆಯುವುದು ನನ್ನ ಕೆಲಸ. ವರ್ಷಗಟ್ಟಲೆ ಇದೇ ಮಾಡಿದ ಮೇಲೆ ಕೆಲವು ನಂಬರ್‌ಗಳು ತಲೆಯಲ್ಲಿ ಕೂತುಬಿಡುತ್ತವೆ. ಅದರಲ್ಲಿ ಒಂದು ಎಸ್‌ಜಿಪಿಟಿ. ಲಿವರ್ ಕೋಶದ ಒಳಗೇ ಇದ್ದು ರಾಸಾಯನಿಕ ಕೆಲಸ ಮಾಡಿಸಬೇಕಾದ ಎನ್‌ಜೈಮ್ ಅದು. ಕೋಶ ಒಡೆದರೆ ರಕ್ತಕ್ಕೆ ಸೋರುತ್ತದೆ. 40ರ ಆಸುಪಾಸಿನಲ್ಲಿದ್ದರೆ ಸರಿ, ಜಾಸ್ತಿ ಇದ್ದರೆ ಡಾಕ್ಟರ್ ಹತ್ತಿರ ಹೋಗಿ ಅನ್ನುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನದು 212 ಬಂತು.

ಮಷೀನ್ ಕೆಟ್ಟಿರಬೇಕು ಅಂದುಕೊಂಡು ಮತ್ತೆ ಹಾಕಿದೆ. ಅಷ್ಟೇ ಬಂತು. ಊಟ ಸೇರಲ್ಲ, ಸುಸ್ತು ಅಂತ ಬಂದಿದ್ದವರು. ವಡ್ಡಹಳ್ಳಿ ಮಾರ್ಕೆಟ್ಟಿಗೆ ಟೊಮೆಟೊ ಹಾಕುವ ಎರಡೂವರೆ ಎಕರೆ ರೈತ, ಕೂಲಿ ಉಳಿಯಲಿ ಅಂತ ತೋಟಕ್ಕೆ ತಾವೇ ಔಷಧಿ ಹೊಡೆಯುತ್ತಾರೆ, ಪಕ್ಕದವರ ತೋಟಕ್ಕೂ ಹೋಗಿ ಹೊಡೆದು ಬರುತ್ತಾರೆ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಕುಡೀತೀರಾ?" ಹಬ್ಬಕ್ಕೆ ಹರಿದಿನಕ್ಕೆ ಒಂಚೂರು ಅಂದರು ಚಿಕ್ಕಪ್ಪ, ಪಾಪ, ಸುಳ್ಳು ಹೇಳುವವರಲ್ಲ. ಅಲ್ಲಿಗೆ ವಿಚಾರಣೆ ಮುಗಿಯಿತು. ಕುಡಿಯೋದು ಬಿಡಿ, ಈ ಮಾತ್ರೆ ತಗೊಳ್ಳಿ. ಏನು ಕೆಲಸ ಮಾಡ್ತೀರಿ ಅಂತ ಯಾರೂ ಕೇಳಲಿಲ್ಲ. ಕಾಮಾಲೆ ವೈರಸ್ ಪರೀಕ್ಷೆ ಮಾತ್ರ ಮಾಡಿದರು, ಅದು ಇರಲಿಲ್ಲ. ಮೂರು ತಿಂಗಳು ಗದ್ದೆ ತೋಟ ಬಿಟ್ಟು ಮನೆಯಲ್ಲಿ ಕೂತರು, ನಂಬರ್ 60ಕ್ಕೆ ಇಳಿಯಿತು. ಆ ಮೂರು ತಿಂಗಳು ಕುಡಿಯಲೂ ಇಲ್ಲ, ಔಷಧಿ ಹೊಡೆಯಲೂ ಇಲ್ಲ. ಹಾಗಾಗಿ ಯಾವುದು ಬಿಟ್ಟಿದ್ದರಿಂದ ಇಳಿಯಿತು ಅಂತ ನಾನು ಎದೆ ತಟ್ಟಿ ಹೇಳಲಾರೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ನಮ್ಮ ಕಡೆ ಗಿಡಕ್ಕೆ ಹೊಡೆಯುವುದಕ್ಕೂ ಔಷಧಿ ಅನ್ನುತ್ತೇವೆ, ಜ್ವರಕ್ಕೆ ನುಂಗುವುದಕ್ಕೂ ಔಷಧಿ ಅನ್ನುತ್ತೇವೆ. ಹೊರಗಿನವರಿಗೆ ತಮಾಷೆ ಅನ್ನಿಸಬಹುದು, ಆದರೆ ಲಿವರ್‌ಗೂ ಈ ವ್ಯತ್ಯಾಸ ಗೊತ್ತಿಲ್ಲ. ಮಟನ್ ಅಂಗಡಿಯಲ್ಲಿ ಕಾರ್ಜ ಅಂತ ಕೇಳಿ ತರುತ್ತೇವಲ್ಲ, ಅದೇ ಅಂಗ. ಮೈಯೊಳಗೆ ಬಂದ ಹೊರಗಿನ ವಸ್ತುವನ್ನೆಲ್ಲ ಹಿಡಿದು, ಮುರಿದು, ಉಚ್ಚೆಯಲ್ಲೋ ಪಿತ್ತದಲ್ಲೋ ಹೊರಗೆ ಕಳಿಸುವುದು ಅದರ ಕೆಲಸ. ಕಷ್ಟ ಎಲ್ಲಿ ಅಂದರೆ, ಮುರಿಯುವಾಗ ಕೆಲವು ಸಲ ಮೊದಲಿಗಿಂತ ಕೆಟ್ಟದ್ದು ಹುಟ್ಟುತ್ತದೆ. ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಲಿವರ್ ಹಾಳಾಗುವುದು ಹೀಗೆಯೇ. ಮಾತ್ರೆ ತಾನೇ ವಿಷ ಅಲ್ಲ, ಲಿವರ್ ಅದನ್ನು ಮುರಿದಾಗ ಬರುವ ತುಂಡು ವಿಷ. ಗೆದ್ದಲಿಗೆ ಹಾಕುವ ಕ್ಲೋರ್‌ಪೈರಿಫಾಸ್ ಕೂಡ ಹಾಗೆಯೇ, ಲಿವರ್ ಒಳಗೆ ಹೋಗಿ ಆಕ್ಸಾನ್ ಅನ್ನುವ ರೂಪಕ್ಕೆ ತಿರುಗಿದ ಮೇಲೆ ಅದು ನರಗಳನ್ನು ಹಿಡಿಯುತ್ತದೆ.

ಇನ್ನೊಂದು ಡಬ್ಬಿಯ ಕಥೆ ಹೇಳುತ್ತೇನೆ. ನಮ್ಮ ಔಷಧಿ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ, ಮೇಲೆ ಪ್ರೊಫೆನೊಫಾಸ್ 40, ಸೈಪರ್‌ಮೆಥ್ರಿನ್ 4 ಪರ್ಸೆಂಟ್ ಅಂತ ಬರೆದಿರುತ್ತದೆ. ಲೇಬಲ್ ಬಿಡಿಸಿ ಓದಿದರೆ ಹತ್ತಿ ಬೆಳೆಗೆ ಅಂತ ಇರುತ್ತದೆ, ಹೊಡೆಯುವುದು ಟೊಮೆಟೊಗೆ. ಎರಡನ್ನು ಯಾಕೆ ಬೆರೆಸಿದ್ದಾರೆ ಗೊತ್ತಾ? ಸೈಪರ್‌ಮೆಥ್ರಿನ್ ಅನ್ನು ಹುಳದ ಮೈಯಲ್ಲಿರುವ ಎಸ್ಟರೇಸ್ ಎಂಬ ಎನ್‌ಜೈಮ್ ಮುರಿದು ಹಾಕುತ್ತದೆ, ಹುಳ ಬದುಕಿಕೊಳ್ಳುತ್ತದೆ. ಪ್ರೊಫೆನೊಫಾಸ್ ಆ ಎನ್‌ಜೈಮಿನ ಕೈ ಕಟ್ಟಿಬಿಡುತ್ತದೆ. ಆಗ ಸೈಪರ್‌ಮೆಥ್ರಿನ್‌ಗೆ ಅಡ್ಡಿಯೇ ಇಲ್ಲ. ಒಳ್ಳೇ ಉಪಾಯ. ಆದರೆ ಇದೇ ಜಾತಿಯ ಎನ್‌ಜೈಮ್ ನಮ್ಮ ಲಿವರ್‌ನಲ್ಲೂ ಇದೆ, ಅಲ್ಲೂ ಇದೇ ಕೆಲಸ ಮಾಡುತ್ತದೆ. ಹುಳಕ್ಕೆ ಹಾಕಿದ ಬಲೆ ಹೊಡೆಯುವವನ ಮೈಯಲ್ಲಿ ಎಷ್ಟು ಬಿಗಿಯಾಗುತ್ತದೆ? ನನಗೆ ಇದಕ್ಕೆ ಉತ್ತರ ಬೇಕು.

ಇದು ಕಂಪನಿಯೇ ಬೆರೆಸಿ ಕೊಟ್ಟ ಡಬ್ಬಿ. ನಮ್ಮ ತೋಟದ ಡ್ರಮ್ಮಿನ ಕಥೆ ಬೇರೆ. 200 ಲೀಟರ್ ನೀರಿಗೆ ಮೊದಲು ಈ ಡಬ್ಬಿ, ಆಮೇಲೆ ಅಂಗಮಾರಿ ಬರಬಾರದು ಅಂತ ಒಂದು ಫಂಗಿಸೈಡ್, ಬಿಳಿ ನೊಣಕ್ಕೆ ಇನ್ನೊಂದು, ಅಂಗಡಿಯವನು ಕೈಗಿಟ್ಟ ಟಾನಿಕ್, ಎಲೆಗೆ ಅಂಟಲಿ ಅಂತ ಗಮ್ಮು. ಕೋಲಿನಲ್ಲಿ ತಿರುವಿ, ಗನ್ ಹಿಡಿದು ಹೊಡೆಯುವುದೇ. ಮಾಸ್ಕ್ ಅಂದರೆ ಟವೆಲ್ಲು. ಮಳೆಗಾಲದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಹೊಡೆಯುತ್ತಾರೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2000 ರೂಪಾಯಿ ದಾಟಿತಲ್ಲ, ಆವಾಗಂತೂ ಒಂದು ಕಾಯಿ ಹುಳ ಬಿದ್ದರೂ ಲಾಸು ಅಂತ ದಿನ ಬಿಟ್ಟು ದಿನ ಹೊಡೆದವರನ್ನು ನಾನೇ ನೋಡಿದ್ದೇನೆ. ಸಂಜೆ ತಲೆನೋವು ಅಂತ ಎರಡು ಮಾತ್ರೆ ನುಂಗುತ್ತಾರೆ, ಮೈಕೈ ನೋವಿಗೆ ಅಂತ ಕೆಲವರು ಒಂದು ಕ್ವಾರ್ಟರ್ ಹಾಕುತ್ತಾರೆ. ದಿನಾ ಕುಡಿಯುವವರ ಲಿವರ್‌ನಲ್ಲಿ ಪ್ಯಾರಾಸಿಟಮಾಲ್‌ನ ಆ ಕೆಟ್ಟ ತುಂಡು ಜಾಸ್ತಿ ಹುಟ್ಟುತ್ತದೆ, ಅದನ್ನು ತಣ್ಣಗೆ ಮಾಡುವ ಗ್ಲುಟಾಥಯೋನ್ ಕಡಿಮೆ ಇರುತ್ತದೆ. ಒಬ್ಬನೇ ಮನುಷ್ಯ, ಒಂದೇ ಕಾರ್ಜ, ಒಂದೇ ದಿನದಲ್ಲಿ ಇಷ್ಟೂ.

ಇದನ್ನು ಹೀಗೇ, ಇಷ್ಟನ್ನೂ ಒಟ್ಟಿಗೆ, ಯಾರಾದರೂ ಪರೀಕ್ಷೆ ಮಾಡುತ್ತಾರಾ? 1968ರ ಕೀಟನಾಶಕ ಕಾಯ್ದೆ ಪ್ರಕಾರ ಒಂದು ಔಷಧಿಗೆ ಅನುಮತಿ ಬೇಕಾದರೆ ಇಲಿ, ಮೊಲದಂಥ ಪ್ರಾಣಿಗಳ ಮೇಲೆ ಅದರ ವಿಷ ಎಷ್ಟು ಅಂತ ತೋರಿಸಬೇಕು. ಡಬ್ಬಿಯಲ್ಲಿ ಏನಿದೆಯೋ ಅದಕ್ಕೆ ಆ ಲೆಕ್ಕ. ನಮ್ಮ ಡ್ರಮ್ಮಿಗೆ ಲೆಕ್ಕ ಇಲ್ಲ. ಇನ್ನು ಇಲಿಯ ಲಿವರ್ ನಮ್ಮ ಲಿವರ್ ಅಲ್ಲ. ಪಾವಗಡದ ಕಡಲೆಕಾಯಿ ಬೆಳೆಗಾರರಿಗೆ ಅಫ್ಲಾಟಾಕ್ಸಿನ್ ಹೆಸರು ಗೊತ್ತಿರುತ್ತದೆ, ಬೂಸ್ಟು ಹಿಡಿದ ಕಾಯಿಯ ವಿಷ. ಅದು ದೊಡ್ಡ ಇಲಿಗೆ ಸುಲಭವಾಗಿ ಲಿವರ್ ಕ್ಯಾನ್ಸರ್ ತರುತ್ತದೆ, ಅದರ ನೆಂಟನಾದ ಸುಂಡಿಲಿಗೆ (ಇಂಗ್ಲಿಷಿನಲ್ಲಿ ಮೌಸ್ ಅನ್ನುವ ಪುಟ್ಟ ಇಲಿ) ಅಷ್ಟಾಗಿ ನಾಟುವುದಿಲ್ಲ. ಇಲಿಗೂ ಸುಂಡಿಲಿಗೂ ಇಷ್ಟು ದೂರ ಇದ್ದರೆ ಮನುಷ್ಯ ಎಲ್ಲಿದ್ದಾನೆ? ಕೆಲವು ಫಂಗಿಸೈಡ್‌ಗಳು ಸುಂಡಿಲಿಯ ಲಿವರ್ ಊದಿಸಿ ಗಡ್ಡೆ ಬರಿಸುತ್ತವೆ. ಅದು ಮನುಷ್ಯನಿಗೂ ಅನ್ವಯಿಸುತ್ತದಾ ಇಲ್ಲವಾ ಅಂತ ತಿಳಿದವರು ವರ್ಷಗಟ್ಟಲೆ ವಾದ ಮಾಡಿದ್ದಾರೆ.

ಉಲ್ಟಾ ಕೂಡ ಆಗಿದೆ. 1993ರಲ್ಲಿ ಅಮೆರಿಕದಲ್ಲಿ ಫಿಯಾಲುರಿಡಿನ್ ಅನ್ನುವ ಹೆಪಟೈಟಿಸ್ ಬಿ ಮದ್ದನ್ನು 15 ಜನಕ್ಕೆ ಕೊಟ್ಟು ನೋಡಿದರು. ಇಲಿ, ನಾಯಿ, ಕೋತಿ, ಯಾವುದರಲ್ಲೂ ಲಿವರ್‌ಗೆ ಏನೂ ಆಗಿರಲಿಲ್ಲ. ಆ 15 ಜನರಲ್ಲಿ 7 ಮಂದಿಯ ಲಿವರ್ ಕೈಕೊಟ್ಟಿತು, 5 ಮಂದಿ ಸತ್ತರು, ಇಬ್ಬರು ಲಿವರ್ ಕಸಿ ಮಾಡಿಸಿಕೊಂಡು ಉಳಿದರು.

ಈಗ ಚಿಪ್ ವಿಷಯಕ್ಕೆ ಬರುತ್ತೇನೆ. ನಿಮಗೆ ಗೊತ್ತಿರುವುದೇ, ಆದರೆ ನಮ್ಮೂರಿನವರೂ ಓದುತ್ತಾರಲ್ಲ, ಅವರಿಗೋಸ್ಕರ.

ಪೆನ್‌ಡ್ರೈವ್ ಗಾತ್ರದ, ಗಾಜಿನಂತೆ ಕಾಣುವ ಒಂದು ಸಿಲಿಕೋನ್ ರಬ್ಬರ್ ತುಂಡು. ಅದರೊಳಗೆ ಕೂದಲೆಳೆಯ ಲೆಕ್ಕದಲ್ಲಿ ಅಳೆಯುವಂಥ ಎರಡು ಸಣ್ಣ ಕಾಲುವೆ, ಒಂದರ ಮೇಲೊಂದು. ಮಧ್ಯೆ ಜರಡಿಯಂಥ ತೆಳು ಪೊರೆ. ಮೇಲಿನ ಕಾಲುವೆಯಲ್ಲಿ ಮನುಷ್ಯನ ಲಿವರ್ ಕೋಶ ಕೂರಿಸುತ್ತಾರೆ, ದಾನಕ್ಕೆ ಬಂದು ಕಸಿಗೆ ಹೊಂದದೆ ಉಳಿದ ಲಿವರ್‌ಗಳಿಂದ ತೆಗೆದದ್ದು. ಕೆಳಗಿನ ಕಾಲುವೆಯಲ್ಲಿ ರಕ್ತನಾಳದ ಒಳಗೋಡೆಯ ಕೋಶ, ಕಸ ತಿನ್ನುವ ಕುಪ್ಫರ್ ಕೋಶ, ಗಾಯ ಆದರೆ ನಾರು ಕಟ್ಟುವ ಸ್ಟೆಲೇಟ್ ಕೋಶ. ಎರಡರಲ್ಲೂ ಪೋಷಣೆಯ ದ್ರವ ಹರಿಯುತ್ತಲೇ ಇರುತ್ತದೆ, ಗಂಟೆಗೆ ಸುಮಾರು 30 ಮೈಕ್ರೋಲೀಟರ್. ಅಂದರೆ ಗಂಟೆಗೆ ಒಂದು ಹನಿ ಕೂಡ ಪೂರ್ತಿ ಇಲ್ಲ.

ಹನಿ ನೀರಾವರಿ ಗೊತ್ತಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಹಿಂದೆ ಲ್ಯಾಬ್‌ಗಳಲ್ಲಿ ಕೋಶ ಬೆಳೆಸುತ್ತಿದ್ದದ್ದು ತಟ್ಟೆಯಲ್ಲಿ, ಅದು ಮಡಿಯಲ್ಲಿ ನೀರು ನಿಲ್ಲಿಸಿದ ಹಾಗೆ. ತಟ್ಟೆಯಲ್ಲಿ ಲಿವರ್ ಕೋಶ ಕೆಲವೇ ದಿನದಲ್ಲಿ ತನ್ನ ಕಸುಬು ಮರೆಯುತ್ತದೆ. ಬದುಕಿರುತ್ತದೆ, ಆದರೆ ಔಷಧಿ ಮುರಿಯುವ ಎನ್‌ಜೈಮ್ ಕಡಿಮೆಯಾಗಿ ಹೋಗುತ್ತದೆ. ಕೆಲಸ ಮಾಡದ ಲಿವರ್‌ಗೆ ವಿಷ ಹಾಕಿ ಏನೂ ಆಗಲಿಲ್ಲ ಅಂದರೆ ಅರ್ಥ ಇದೆಯಾ? ಚಿಪ್ ಅಂದರೆ ಕೋಶಕ್ಕೆ ಡ್ರಿಪ್ ಹಾಕಿದ ಹಾಗೆ. ಹೊಸದು ಬರುತ್ತಿರುತ್ತದೆ, ಕೊಳಕು ಹೋಗುತ್ತಿರುತ್ತದೆ, ಅಕ್ಕಪಕ್ಕದ ಕೋಶಗಳ ಜೊತೆ ಇರುತ್ತದೆ, ವಾರಗಟ್ಟಲೆ ಲಿವರ್ ಥರವೇ ನಡೆದುಕೊಳ್ಳುತ್ತದೆ. ಆ ಹರಿವಿಗೆ ಔಷಧಿ ಬೆರೆಸಿ, ಇನ್ನೊಂದು ತುದಿಯಲ್ಲಿ ಬರುವ ದ್ರವವನ್ನು ಪರೀಕ್ಷೆ ಮಾಡುತ್ತಾರೆ. ಏನನ್ನು ನೋಡುತ್ತಾರೆ ಅಂತ ಓದಿದಾಗ ನಾನು ಒಬ್ಬನೇ ನಕ್ಕುಬಿಟ್ಟೆ. ಲಿವರ್ ತಯಾರಿಸುವ ಆಲ್ಬುಮಿನ್, ಯೂರಿಯಾ, ಆಮೇಲೆ ಎಎಲ್‌ಟಿ. ಎಎಲ್‌ಟಿ ಅಂದರೆ ಬೇರೆ ಏನೂ ಅಲ್ಲ, ನಮ್ಮ ಎಸ್‌ಜಿಪಿಟಿಯೇ. ಹಾರ್ವರ್ಡ್‌ನ ಲ್ಯಾಬ್ ಆದರೂ ಮುಳಬಾಗಿಲ ಲ್ಯಾಬ್ ಆದರೂ ಒಡೆದ ಲಿವರ್ ಕೋಶ ಸೋರುವುದು ಅದನ್ನೇ.

ಹಾರ್ವರ್ಡ್ ಅಂದೆ, ಯಾಕೆಂದರೆ ಅಲ್ಲಿನ ವೀಸ್ ಸಂಸ್ಥೆಯ ಡೊನಾಲ್ಡ್ ಇಂಗ್ಬರ್ ತಂಡ 2010ರಲ್ಲಿ ಶ್ವಾಸಕೋಶದ ಚಿಪ್ ತೋರಿಸಿದ ಮೇಲೆ ಈ ವಿದ್ಯೆಗೆ ಹೆಸರು ಬಂತು. 2022ರಲ್ಲಿ ಲಿವರ್ ಚಿಪ್‌ಗೆ ಒಂದು ದೊಡ್ಡ ಪರೀಕ್ಷೆ ಆಯಿತು. 870 ಚಿಪ್, 27 ಮದ್ದು. ಲಿವರ್ ಕೆಡಿಸುತ್ತವೆ ಅಂತ ಮನುಷ್ಯರಲ್ಲಿ ಗೊತ್ತಾದ ಮದ್ದುಗಳಲ್ಲಿ 87 ಪರ್ಸೆಂಟನ್ನು ಚಿಪ್ ಹಿಡಿಯಿತು, ಒಳ್ಳೆಯ ಮದ್ದನ್ನು ಕೆಟ್ಟದ್ದು ಅನ್ನಲಿಲ್ಲ. ಚಿಪ್ ಮಾರುವ ಕಂಪನಿಯವರೇ ಮುಂದೆ ನಿಂತು ಮಾಡಿದ ಪರೀಕ್ಷೆ ಅದು, ಅದನ್ನೂ ಹೇಳಿಬಿಡಬೇಕು. ಆದರೂ ಇಲಿ ನಾಯಿಗಳಲ್ಲಿ ಪಾಸಾಗಿ ಬಂದ ಮದ್ದುಗಳೇ ಅದರಲ್ಲಿ ಇದ್ದದ್ದು. ಅದೇ ವರ್ಷದ ಕೊನೆಗೆ ಅಮೆರಿಕ ಕಾನೂನು ಬದಲಿಸಿ, ಹೊಸ ಮದ್ದಿಗೆ ಪ್ರಾಣಿ ಪರೀಕ್ಷೆಯೇ ಆಗಬೇಕು ಅನ್ನುವುದನ್ನು ಕೈಬಿಟ್ಟಿತು. ನಮ್ಮ ಕೇಂದ್ರ ಸರ್ಕಾರವೂ 2023ರ ಮಾರ್ಚ್‌ನಲ್ಲಿ ಹೊಸ ಮದ್ದುಗಳ ನಿಯಮ ತಿದ್ದಿ ಚಿಪ್‌ಗೆ ಜಾಗ ಕೊಟ್ಟಿತು. ಹೈದರಾಬಾದಿನ ಸಿಸಿಎಂಬಿ ಅನ್ನುವ ಕೇಂದ್ರ ಸರ್ಕಾರದ ಜೀವಕೋಶ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಕೆಲಸಕ್ಕೆ ಒಂದು ಕೇಂದ್ರ ಶುರುವಾಗಿತ್ತು. ಇಂಥ ಸಣ್ಣ ಕಾಲುವೆ ಕೊರೆಯುವ ಸಲಕರಣೆ ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಇದೆ. ಇಲ್ಲಿಂದ ಎರಡೂವರೆ ಮೂರು ಗಂಟೆ ಬಸ್ಸು.

ಎಲ್ಲಾ ಸರಿ. ಆದರೆ ಎಲ್ಲಾ ಮಾತೂ ಮದ್ದಿನದೇ, ಗಮನಿಸಿದಿರಾ? 2023ರ ನಿಯಮವೂ ನುಂಗುವ ಔಷಧಿಗೆ, ಹೊಡೆಯುವ ಔಷಧಿಗಲ್ಲ. ಚಿಪ್‌ಗೆ ಏನು ಹಾಕಬೇಕು ಅಂತ ಹೇಳುವವರು ದುಡ್ಡು ಹಾಕುವವರು. ಮದ್ದಿನ ಕಂಪನಿ ತನ್ನ ಮದ್ದು ಹಾಕಿಸುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ, ಅವರ ದುಡ್ಡು. ಚಿಕ್ಕಪ್ಪನ ಡ್ರಮ್ಮಿನ ನೀರನ್ನು ಹಾಕಿಸಲು ಯಾವ ಕಂಪನಿ ಬರುತ್ತದೆ? ಐದು ಕಂಪನಿಯ ಔಷಧಿ ಸೇರಿ ಆದ ನೀರದು, ಐವರಲ್ಲಿ ಯಾರೂ ಬರಲ್ಲ. ಅಂಥ ಕಡೆ ಸರ್ಕಾರದ ದುಡ್ಡು ಬರಬೇಕು ಅಲ್ವಾ? ನಿಮ್ಮ ಇಲಾಖೆಗೆ ನನ್ನ ಬೇಡಿಕೆ ಇದೊಂದೇ. ಸ್ಟಾರ್ಟ್‌ಅಪ್‌ಗಳಿಗೆ, ಸಂಶೋಧನೆಗೆ ಅಂತ ಕೊಡುವ ಹಣದಲ್ಲಿ ಒಂದು ಪಾಲನ್ನು ಕೋಲಾರ, ಚಿಕ್ಕಬಳ್ಳಾಪುರದ ತೋಟಗಳಲ್ಲಿ ನಿಜವಾಗಿ ಬೆರೆಸುವ ಮಿಶ್ರಣಗಳನ್ನು ಲಿವರ್ ಚಿಪ್ ಮೇಲೆ ನೋಡುವುದಕ್ಕೆ ಅಂತಲೇ ಮೀಸಲಿಡಿ.

ಇದನ್ನು ಬೇಕಾಬಿಟ್ಟಿ ಮಾಡಿದರೆ ಮಾತ್ರ ಪ್ರಯೋಜನ ಇಲ್ಲ. ನನಗೆ ಕಂಡ ಎರಡು ಮೂರು ಗುಂಡಿಗಳನ್ನು ಮೊದಲೇ ಹೇಳಿಬಿಡುತ್ತೇನೆ.

ಆ ಸಿಲಿಕೋನ್ ರಬ್ಬರ್ ಇದೆಯಲ್ಲ, ಅದು ಎಣ್ಣೆ ಸ್ವಭಾವದ ವಸ್ತುಗಳನ್ನು ಕುಡಿಯುತ್ತದೆ. ಸೈಪರ್‌ಮೆಥ್ರಿನ್ ಅಂಥದ್ದೇ, ನೀರಿಗಿಂತ ಎಣ್ಣೆ ಕಂಡರೆ ಪ್ರೀತಿ ಅದಕ್ಕೆ. ಡ್ರಿಪ್ ಪೈಪೇ ಗೊಬ್ಬರ ಹೀರಿಕೊಂಡರೆ ಗಿಡಕ್ಕೆ ಎಷ್ಟು ಹೋಯಿತು ಅಂತ ಹೇಗೆ ಹೇಳುತ್ತೀರಿ? ಕೋಶಕ್ಕೆ ಔಷಧಿ ತಲುಪಿಯೇ ಇರುವುದಿಲ್ಲ, ರಿಪೋರ್ಟ್‌ನಲ್ಲಿ "ತೊಂದರೆ ಇಲ್ಲ" ಅಂತ ಬರುತ್ತದೆ, ಆ ಕಾಗದ ಹಿಡಿದುಕೊಂಡು ಮಾರುವವರು ಊರೆಲ್ಲ ತಿರುಗುತ್ತಾರೆ. ಹಾಗಾಗಿ ಗಾಜಿನ ಚಿಪ್ಪೋ ಗಟ್ಟಿ ಪ್ಲಾಸ್ಟಿಕ್ಕಿನದೋ ಬಳಸಬೇಕು, ಹೊರಗೆ ಬಂದ ದ್ರವದಲ್ಲಿ ಔಷಧಿ ಎಷ್ಟು ಉಳಿದಿದೆ ಅಂತಲೂ ಅಳೆಯಬೇಕು.

ಇನ್ನೊಂದು, ಎಷ್ಟು ಹಾಕುವುದು ಅನ್ನುವ ಪ್ರಶ್ನೆ. ಜಾಸ್ತಿ ಹಾಕಿದರೆ ಉಪ್ಪು ಕೂಡ ಕೋಶ ಕೊಲ್ಲುತ್ತದೆ. ಯಾರಿಗೆ ಏನು ಬೇಕೋ ಅದನ್ನು ಸಾಬೀತು ಮಾಡಬಹುದು. ಔಷಧಿ ಹೊಡೆದು ಬಂದವನ ರಕ್ತದಲ್ಲಿ ಅದು ಎಷ್ಟಿರುತ್ತದೆ ಅಂತ ಮೊದಲು ನೋಡಿ, ಅಷ್ಟೇ ಚಿಪ್‌ಗೆ ಹಾಕಬೇಕು. ಅದಕ್ಕೆ ನಮ್ಮೂರಿನವರ ರಕ್ತ ಬೇಕು, ನಮ್ಮೂರಿನವರು ನಂಬಬೇಕು. ಬೆಂಗಳೂರಿನಿಂದ ಕಾರಿನಲ್ಲಿ ಬಂದು ಸ್ಯಾಂಪಲ್ ತೆಗೆದುಕೊಂಡು ಹೋಗಿ ಮತ್ತೆ ಮುಖ ತೋರಿಸದವರನ್ನು ಈ ಜಿಲ್ಲೆ ಬೇಕಾದಷ್ಟು ನೋಡಿದೆ. ಬೋರ್‌ವೆಲ್ ಫ್ಲೋರೈಡ್‌ಗೆ ಬಂದರು, 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆರೆಗೆ ಬಿಟ್ಟಾಗ ಬಂದರು. ರಿಪೋರ್ಟು ಕನ್ನಡದಲ್ಲಿ ಊರ ಕಟ್ಟೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಒಬ್ಬನ ಕೋಶ ಅಂದರೆ ಒಬ್ಬನ ಲಿವರ್ ಅನ್ನುವುದೂ ಇದೆ. ಟಿಬಿ ಮಾತ್ರೆ ಐಸೋನಯಾಜಿಡ್ ಅನ್ನು ಕೆಲವರ ಲಿವರ್ ಬೇಗ ಮುರಿಯುತ್ತದೆ, ಕೆಲವರದು ನಿಧಾನ. ನಿಧಾನದವರು ನಮ್ಮ ದೇಶದಲ್ಲಿ ಬಹಳ ಜನ, ಅವರ ಲಿವರ್‌ಗೇ ಅದು ಹೆಚ್ಚು ತೊಂದರೆ ಕೊಡುವುದು. ಅಮೆರಿಕದ ದಾನಿಯ ಕೋಶ ತರಿಸಿ ಇಲ್ಲಿನವರಿಗೆ ಫಲಿತಾಂಶ ಹೇಳುವುದು ಅಷ್ಟು ಸರಿ ಹೋಗಲ್ಲ.

ಈ ಪತ್ರ ಬರೆಯುತ್ತೇನೆ ಅಂದಾಗ ಪಕ್ಕದ ಮಂಡಿಯವರು ಬೈದರು. "ಸುಮ್ನಿರಯ್ಯಾ, ಟೊಮೆಟೊದಲ್ಲಿ ವಿಷ ಅಂತ ಬರೆದರೆ ನಾಳೆ ಬಾಕ್ಸು 50 ರೂಪಾಯಿಗೆ ಬೀಳುತ್ತೆ, ನಿಮ್ಮ ಚಿಕ್ಕಪ್ಪನೇ ಬೀದಿಗೆ ಬರ್ತಾರೆ." ಅವರ ಭಯ ಸುಳ್ಳಲ್ಲ. ಅದಕ್ಕೇ ಸ್ಪಷ್ಟವಾಗಿ ಹೇಳುತ್ತೇನೆ, ನಿಮ್ಮ ಅಡುಗೆಮನೆಯ ಸಾರಿನ ಬಗ್ಗೆ ನಾನು ಮಾತಾಡುತ್ತಿಲ್ಲ. ತೊಳೆದು, ಹೆಚ್ಚಿ, ಕುದಿಸಿ ತಿನ್ನುವವರಿಗೂ ಗನ್ ಹಿಡಿದು ಮೂರು ಗಂಟೆ ಮಂಜಿನಲ್ಲಿ ನಿಂತವನಿಗೂ ಮೈಗೆ ಹೋಗುವ ಪ್ರಮಾಣದಲ್ಲಿ ಅಜಗಜಾಂತರ. ಬೆಂಗಳೂರಿನ ಪೇಪರ್, ಟಿವಿಗಳು ಕೀಟನಾಶಕ ಅಂದ ತಕ್ಷಣ ತಿನ್ನುವವರ ಬಗ್ಗೆಯೇ ಬರೆಯುತ್ತವೆ. ಹೊಡೆಯುವವರು ನೆನಪಾಗುವುದು ಸತ್ತಾಗ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆದು 20ಕ್ಕೂ ಹೆಚ್ಚು ಜನ ಸತ್ತಾಗ ದೇಶವೆಲ್ಲ ಮಾತಾಡಿತು. ಸಾಯದೆ, 212 ಇಟ್ಟುಕೊಂಡು ಮತ್ತೆ ತೋಟಕ್ಕೆ ಹೋಗುವವರು ಯಾವ ಲೆಕ್ಕದಲ್ಲೂ ಇಲ್ಲ.

ಚಿಪ್ ಬರುವ ತನಕ ಕಾಯಬೇಕಾಗಿಲ್ಲದ ಕೆಲಸವೂ ಇದೆ, ಇದು ಆರೋಗ್ಯ ಇಲಾಖೆಯವರಿಗೆ. ಸೀಸನ್ ಶುರುವಿಗೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಔಷಧಿ ಹೊಡೆಯುವವರಿಗೆ ಎಲ್‌ಎಫ್‌ಟಿ (ಲಿವರ್ ಪರೀಕ್ಷೆ) ಮತ್ತು ಕೋಲಿನ್‌ಎಸ್ಟರೇಸ್ (ಕೆಲವು ಕೀಟನಾಶಕಗಳು ನರದ ಎನ್‌ಜೈಮಿನ ಕೈ ಎಷ್ಟು ಕಟ್ಟಿವೆ ಅಂತ ತೋರಿಸುವ) ಪರೀಕ್ಷೆಯನ್ನು ತಾಲೂಕು ಆಸ್ಪತ್ರೆಯಲ್ಲಿ ಪುಕ್ಕಟೆ ಮಾಡಿ. ನನ್ನ ವ್ಯಾಪಾರಕ್ಕೆ ಹೊಡೆತ ಬೀಳುತ್ತದೆ, ಬೀಳಲಿ ಬಿಡಿ. ಓಪಿ ಚೀಟಿಯಲ್ಲಿ "ಕುಡೀತೀರಾ" ಪಕ್ಕ "ಔಷಧಿ ಹೊಡೀತೀರಾ" ಅಂತ ಒಂದು ಖಾನೆ ಹಾಕಿಸಿ. ಇದಕ್ಕೆ ಟೆಂಡರ್ ಬೇಕಾಗಿಲ್ಲ.

ತೋಟಗಾರಿಕೆ ಇಲಾಖೆಯವರು ಡ್ರಮ್ಮಿನಲ್ಲಿ ಏನೇನು ಹೋಗುತ್ತದೆ ಅಂತ ಒಂದು ಸೀಸನ್ ಕೂತು ಬರೆದುಕೊಂಡರೆ ಸಾಕು. ಅಧಿಕಾರಿ ಬಂದು ಕೇಳಿದರೆ ರೈತರು ಹೇಳುವುದಿಲ್ಲ, ಕೇಸು ಹಾಕುತ್ತಾರೆ ಅಂದುಕೊಳ್ಳುತ್ತಾರೆ. ನನ್ನ ಲ್ಯಾಬ್‌ಗೆ ಬಂದವರನ್ನು ನಾನು ಕೇಳುತ್ತಾ ಬಂದಿದ್ದೇನೆ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಕಾಟನ್ ಒತ್ತಿ ಹಿಡಿದುಕೊಳ್ಳಿ ಅನ್ನುತ್ತಾ ಅನ್ನುತ್ತಾ. ಖಾಲಿ ಡಬ್ಬಿಯ ಫೋಟೋ ಕಳಿಸಿ ಅಂತ ವಾಟ್ಸಾಪ್ ನಂಬರ್ ಕೊಟ್ಟೆ. ಈವರೆಗೆ 14 ಬೇರೆ ಬೇರೆ ಮಿಶ್ರಣ ಬರೆದಿಟ್ಟಿದ್ದೇನೆ, ಲೀಟರಿಗೆ ಎಷ್ಟು, ವಾರಕ್ಕೆ ಎಷ್ಟು ಸಲ ಅನ್ನುವುದರ ಸಮೇತ, ರೈತರ ಹೆಸರು ಬಿಟ್ಟು. ಲಾಂಗ್ ಬುಕ್ಕಿನಲ್ಲಿ ಇದೆ, ಅಕ್ಷರ ಸ್ವಲ್ಪ ಕೆಟ್ಟದು. ಯಾರಿಗೆ ಕಳಿಸಬೇಕು ಹೇಳಿ, ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ.

ಚಿಕ್ಕಪ್ಪ ಈ ಸಲ ಒಂದು ಎಕರೆಗೆ ಮಾತ್ರ ಟೊಮೆಟೊ ಇಟ್ಟಿದ್ದಾರೆ. ಹೊಡೆಯುವುದು ಅವರೇ. ಸೋಮವಾರ ಮತ್ತೆ ರಕ್ತ ಕೊಡಲು ಬರುತ್ತಾರೆ.

ಇಂತಿ,
ಮುಳಬಾಗಿಲಿನ ಒಬ್ಬ ಲ್ಯಾಬ್ ಟೆಕ್ನಿಷಿಯನ್